ಲಿವರ್‌ಗೆ ನೇತುಹಾಕಿದ ಟೋಪಿ

ಟೋಪಿ ಮೇಸ್ತ್ರಿಯ ತಲೆಯ ಮೇಲಿದ್ದರೆ ಅಳಿಯ ಹೊರಗಿದ್ದಾನೆ ಎಂದು ಅರ್ಥ. ಅದು ಮೇನ್ ಸ್ವಿಚ್ಚಿನ ಲಿವರ್‌ಗೆ ನೇತುಬಿದ್ದಿದ್ದರೆ ಅಳಿಯ ಲಿಫ್ಟಿನ ತಳದ ಗುಂಡಿಯೊಳಗಿದ್ದಾನೆ ಎಂದು ಅರ್ಥ. ಈ ಏರ್ಪಾಡು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಅಳಿಯನಿಗೆ ಇದರ ಸುಳಿವೂ ಇರಲಿಲ್ಲ.

ಇಬ್ಬರೂ ಲಿಫ್ಟ್ ರಿಪೇರಿಯವರು. ಮೇಸ್ತ್ರಿಗೆ ಅರವತ್ತೆಂಟು ದಾಟಿತ್ತು. ಮಂಡಿ ಹಿಡಿದುಕೊಳ್ಳಲು ಶುರುವಾದ ಮೇಲೆ ಅವರು ಗುಂಡಿಗೆ ಇಳಿಯುವುದನ್ನು ಬಿಟ್ಟು, ಕಟ್ಟಡದ ನೆತ್ತಿಯಲ್ಲಿರುವ ಮೆಷಿನ್ ರೂಮಿನಲ್ಲಿ ಸ್ವಿಚ್ಚಿನ ಕಾವಲಿಗೆ ನಿಂತಿದ್ದರು. ಕೆಳಗಿನ ಕೆಲಸವೆಲ್ಲ ಮಗಳ ಗಂಡನದು. ಮಾವನ ಕೈಕೆಳಗೆ ಕಲಿತು ಪಳಗಿದವನು, ಮಾವನನ್ನೇ ಗೇಲಿ ಮಾಡುವಷ್ಟು ಸಲಿಗೆ ಬೆಳೆಸಿಕೊಂಡವನು. ಬೆಳಿಗ್ಗೆ ಫೋನ್ ಮಾಡಿದರೆ "ಮೇಲ್ಮನೆಯವರಿಗೆ ನಮಸ್ಕಾರ, ಇವತ್ತು ಎಷ್ಟು ಗಂಟೆಗೆ ಕಲಾಪ?" ಎಂದೇ ಮಾತು ಶುರು ಮಾಡುತ್ತಿದ್ದ.

"ಕೆಳಗೆ ಕೂತವನಿಗೆ ಮಾತು ಜಾಸ್ತಿ," ಎಂದು ಮೇಸ್ತ್ರಿ ಫೋನಿಡುತ್ತಿದ್ದರು.

ಗುಂಡಿಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಕೂಗಿದರೆ ಮಾತು ಗೋಡೆಗೆ ಬಡಿದು ಬಡಿದು ಮೇಲೆ ಬರುವಷ್ಟರಲ್ಲಿ ಬರೀ ಗದ್ದಲವಾಗಿರುತ್ತದೆ. ಹಾಗಾಗಿ ಅವರದು ಹಳೆಯ ಪದ್ಧತಿ. ಲಿಫ್ಟು ಏರಿಳಿಯುವ ಉಕ್ಕಿನ ಹಳಿಗೆ ಸ್ಪ್ಯಾನರಿನಿಂದ ಬಡಿಯುವುದು. ನಿಧಾನವಾಗಿ ಮೂರು ಏಟು ಕೇಳಿದರೆ ಒಳಗಿದ್ದೇನೆ, ಸ್ವಿಚ್ ಮುಟ್ಟಬೇಡಿ. ಬಿರುಸಾಗಿ ಎರಡು ಏಟು ಕೇಳಿದರೆ ಹೊರಗೆ ಬಂದೆ, ಹಾಕಬಹುದು. ಇದರ ಜೊತೆಗೆ ಬೀಗದ ನಿಯಮ ಒಂದಿತ್ತು. ಲಿವರ್ ಕೆಳಗೆಳೆದು ಬೀಗ ಜಡಿದ ಮೇಲೆ ಅದರ ಕೀಲಿ ಒಳಗೆ ಇಳಿಯುವವನ ಜೇಬಿಗೆ ಹೋಗಬೇಕು. ಅವನು ಮೇಲೆ ಬಂದು ಕೈಗೆ ಕೊಡುವ ತನಕ ಯಾರಪ್ಪನಿಗೂ ಕರೆಂಟ್ ಹಾಕಲಾಗದು. ಈ ನಿಯಮ ಮಾಡಿದವರು ಮೇಸ್ತ್ರಿಯೇ. ಮುರಿದವರೂ ಅವರೇ. ಒಮ್ಮೆ ಅಳಿಯನ ಜೇಬಿನಿಂದ ಬೀಗದ ಕೈ ಜಾರಿ ಗುಂಡಿಯ ಎಣ್ಣೆನೀರಿಗೆ ಬಿದ್ದು, ಅದನ್ನು ಹುಡುಕುವುದರಲ್ಲೇ ಅರ್ಧ ದಿನ ಹಾಳಾಗಿತ್ತು. ಮಾರನೆಯ ದಿನ ಮೇಸ್ತ್ರಿ ಸದ್ದಿಲ್ಲದೆ ಅದಕ್ಕೆ ಇನ್ನೊಂದು ಕೀಲಿ ಮಾಡಿಸಿ ತಮ್ಮ ಕೀಲಿಗೊಂಚಲಿಗೆ ಸೇರಿಸಿಕೊಂಡರು. ಮನೆಯ ಕೀಲಿಕೈ, ಲಿಫ್ಟಿನ ಬಾಗಿಲುಗಳನ್ನು ಹೊರಗಿನಿಂದ ತೆರೆಯುವ ಮೂರು ಮೂಲೆಯ ಚಾವಿ, ಅವೆರಡರ ನಡುವೆ ಇದು.

ಮರೆವು ಯಾವಾಗ ಶುರುವಾಯಿತೆಂದು ಕೇಳಿದರೆ ಮೇಸ್ತ್ರಿ ಹೇಳಲಾರರು. ಮೊದಲು ಹೆಸರುಗಳು ಕೈಕೊಟ್ಟವು. ಎದುರಿಗಿರುವ ಮನುಷ್ಯನ ಮುಖ, ಅವನ ಮನೆಯ ಗೇಟು, ಗೇಟಿನ ಬಣ್ಣ ಎಲ್ಲ ಗೊತ್ತು. ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಹೆಂಡತಿ ನಗುತ್ತಿದ್ದಳು. "ನನ್ನ ಹೆಸರಾದ್ರೂ ನೆನಪಿದೆಯೇನ್ರೀ?"

"ಮರೆಯೋಕೆ ನೀನು ಬಿಟ್ಟರೆ ತಾನೆ."

ಆ ತಮಾಷೆ ಒಂದು ಊಟದ ಹೊತ್ತಿಗೆ ನಿಂತಿತು. ಮಗಳು ಅಳಿಯ ಬಂದಿದ್ದರು. ಮೇಸ್ತ್ರಿ ಬಡಿಸಿಕೊಳ್ಳುತ್ತಾ, "ಅಲ್ಲಮ್ಮಾ, ಮನೆ ಬದಲಾಯಿಸ್ತೀವಿ ಅಂತಿದ್ರಲ್ಲ, ಏನಾಯ್ತು?" ಎಂದು ಕೇಳಿದರು. ಹಿಂದಿನ ವಾರವಷ್ಟೇ ಆ ಹೊಸ ಮನೆಯ ಮೆಟ್ಟಿಲ ಮೇಲೆ ಬೀರುವಿನ ಒಂದು ತುದಿಗೆ ಹೆಗಲು ಕೊಟ್ಟವರು ಅವರೇ. ಅಳಿಯ ಅದನ್ನೂ ಹಾಸ್ಯವೆಂದೇ ತಿಳಿದು, "ಮಾವನಿಗೆ ಬೀರು ಹೊತ್ತ ಕೂಲಿ ಇನ್ನೂ ಬಂದಿಲ್ಲ, ಅದಕ್ಕೇ ಈ ಚುಚ್ಚು," ಎಂದ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕರು. ಹೆಂಡತಿ ಮಾತ್ರ ಸೌಟು ಹಿಡಿದು ಗಂಡನ ಮುಖವನ್ನೇ ನೋಡುತ್ತಾ ನಿಂತಳು.

ಅವಳ ಕಾಟ ತಾಳಲಾರದೆ ಅವರು ಡಾಕ್ಟರ ಬಳಿ ಹೋದರು, ಒಬ್ಬರೇ. ಡಾಕ್ಟರಮ್ಮ ಕೆಲವು ಪದಗಳನ್ನು ಹೇಳಿ, ಬೇರೇನೋ ಮಾತಾಡಿಸಿ, ಮತ್ತೆ ಆ ಪದಗಳನ್ನು ಕೇಳಿದರು. ಗಡಿಯಾರದ ಚಿತ್ರ ಬರೆಸಿದರು. ಗಡಿಯಾರ ಚೆನ್ನಾಗಿ ಬಂತು. ಪದಗಳಲ್ಲಿ ಅರ್ಧ ಬರಲಿಲ್ಲ.

"ವಯಸ್ಸಾಗ್ತಾ ಮೆದುಳು ನಿಧಾನ ಆಗೋದು ಸಹಜ," ಎಂದರು ಅವರು. "ಹೆಸರು ತಡವಾಗಿ ಬರುತ್ತೆ. ಒಂದು ಕೆಲಸದಲ್ಲಿದ್ದಾಗ ಇನ್ನೊಂದರ ಕಡೆ ಗಮನ ಹೋದರೆ ಮೊದಲನೇದು ಜಾರಿಹೋಗುತ್ತೆ. ಕೈಗೆ ಅಂಟಿದ ಕೆಲಸ ಮಾತ್ರ ಅಷ್ಟು ಬೇಗ ಹೋಗಲ್ಲ. ಆದರೆ ನಿನ್ನೆ ನಡೆದಿದ್ದು, ಇವತ್ತು ನಡೆದಿದ್ದು ಕಲಸಿಹೋಗೋದು, ನೆನಪಿಸಿದರೂ ನೆನಪಾಗದೇ ಇರೋದು, ಇದನ್ನ ನಾವು ಇನ್ನೂ ನೋಡಬೇಕು. ಮುಂದಿನ ಸಲ ನಿಮ್ಮನ್ನ ದಿನಾ ನೋಡೋರು ಯಾರನ್ನಾದ್ರೂ ಕರ್ಕೊಂಡು ಬನ್ನಿ. ಅಂದ ಹಾಗೆ, ನೀವೇನು ಕೆಲಸ ಮಾಡ್ತೀರಿ?"

"ರಿಟೈರ್ ಆಗಿದ್ದೀನಿ," ಎಂದರು ಮೇಸ್ತ್ರಿ.

ಮನೆಗೆ ಬಂದು ಹೆಂಡತಿಗೆ, "ಎಲ್ಲ ವಯಸ್ಸಿಂದೇ ಅಂತೆ ಕಣೇ," ಎಂದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಳಿಯನಿಗೆ ಏನೂ ಹೇಳಲಿಲ್ಲ. ಹೇಳಿದರೆ ಸ್ವಿಚ್ಚಿನ ಬಳಿ ಅವರನ್ನು ಯಾರು ನಿಲ್ಲಿಸುತ್ತಾರೆ? ಆ ಜಾಗ ಹೋದರೆ ಬೆಳಗಾದರೆ ಬೂಟು ಹಾಕಿಕೊಂಡು ಹೊರಡಲು ಎಲ್ಲಿಗಿದೆ? ಅದರ ಬದಲು ಟೋಪಿಯ ಉಪಾಯ ಹುಡುಕಿದರು. ಹಳಿಯ ಏಟುಗಳು ದಿನವೂ ಒಂದೇ ಥರ. ಈಗ ಕಿವಿಗೆ ಬಿದ್ದದ್ದೋ ಬೆಳಿಗ್ಗೆ ಇನ್ನೊಂದು ಕಟ್ಟಡದಲ್ಲಿ ಬಿದ್ದದ್ದೋ ಎಂಬ ಅನುಮಾನ ಅವರನ್ನು ಆಗಾಗ ತಿನ್ನುತ್ತಿತ್ತು. ಟೋಪಿಗೆ ಅಂಥ ಗೊಂದಲವಿಲ್ಲ. ಎಲ್ಲಿದೆಯೋ ಅಲ್ಲಿರುತ್ತದೆ.

ಆ ದಿನ ಬೆಳಿಗ್ಗೆ ಒಂದು ಕೆಲಸ ಮುಗಿಸಿ, ಮಧ್ಯಾಹ್ನ ಎಂಟು ಮಹಡಿಯ ಒಂದು ವಸತಿ ಕಟ್ಟಡಕ್ಕೆ ಬಂದಿದ್ದರು. ಗುಂಡಿಯೊಳಗೆ ಒಂದು ತುರ್ತು ಸ್ವಿಚ್ ಇರುತ್ತದೆ. ಒಳಗಿರುವವನು ಅದನ್ನು ಒತ್ತಿಟ್ಟುಕೊಂಡರೆ ಮೇಲಿನಿಂದ ಯಾರು ಏನು ಮಾಡಿದರೂ ಲಿಫ್ಟು ಅಲುಗುವುದಿಲ್ಲ. ಇಲ್ಲಿ ಅದು ಕೆಟ್ಟು, ಹಿಂದೆ ನೋಡಿಕೊಳ್ಳುತ್ತಿದ್ದವರು ಯಾರೋ ಅದರ ತಂತಿಗಳನ್ನು ಒಂದಕ್ಕೊಂದು ಹೊಸೆದು ಕೈತೊಳೆದುಕೊಂಡಿದ್ದರು. ಹೊಸದು ಹಾಕುವ ತನಕ ಕೆಳಗಿನವನಿಗೆ ಮೇಲಿನ ಲಿವರ್ ಒಂದೇ ಗತಿ.

"ಮಾವ, ಇವತ್ತು ನನ್ನ ಪ್ರಾಣ ಪೂರ್ತಿ ಮೇಲ್ಮನೆ ಕೈಲಿದೆ," ಎಂದ ಅಳಿಯ, ಬೀಗದ ಕೈ ಜೇಬಿಗೆ ಹಾಕಿಕೊಳ್ಳುತ್ತಾ.

"ಇಳಿಯೋ ಮಾರಾಯ. ನಿನ್ನ ಪ್ರಾಣ ಇಟ್ಕೊಂಡು ನಾನೇನು ಮಾಡಲಿ?"

ಅಳಿಯ ಲಿಫ್ಟಿನ ಕ್ಯಾಬಿನನ್ನು ಎರಡನೆಯ ಮಹಡಿಯಲ್ಲಿ ನಿಲ್ಲಿಸಿ ಬಂದಿದ್ದ. ನೆಲಮಹಡಿಯಲ್ಲಿ ಮಕ್ಕಳು ಆಡುತ್ತಿದ್ದರು. ತೆರೆದ ಬಾಗಿಲಿಂದ ಯಾರಾದರೂ ಬಿದ್ದಾರೆಂದು ಅವನು ಗುಂಡಿಗೆ ಇಳಿದು ಬಾಗಿಲನ್ನು ಒಳಗಿನಿಂದ ಎಳೆದುಕೊಂಡ. ಹಳಿಯ ಮೇಲೆ ನಿಧಾನವಾಗಿ ಮೂರು ಏಟು ಬಿದ್ದವು. ಮೇಸ್ತ್ರಿ ಒಂದು ಏಟಿನ ಉತ್ತರ ಕೊಟ್ಟರು. ಟೋಪಿ ತೆಗೆದು ಲಿವರ್‌ಗೆ ನೇತುಹಾಕಿದರು.

ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಯಾರೋ ಕೆಮ್ಮಿದರು. ಕಟ್ಟಡದ ಸಂಘದ ಸೆಕ್ರೆಟರಿ, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ. "ಮೇಸ್ತ್ರಿ, ಎಷ್ಟು ಹೊತ್ತಾಗುತ್ತೆ? ಮೇಲಿನ ಮಹಡಿಯೋರೆಲ್ಲ ನನ್ನ ತಲೆ ತಿಂತಿದ್ದಾರೆ. ನಿಮ್ಮ ಅಳಿಯ ಕೆಳಗೆ ನಿದ್ದೆ ಹೊಡೀತಿಲ್ಲ ತಾನೆ?"

"ನಿದ್ದೆ ಬಂದರೂ ಅಲ್ಲಿ ಮಲಗೋಕೆ ಜಾಗ ಇಲ್ಲ, ಸ್ವಾಮಿ."

"ಹಾಗೇ ಒಂದು ನಿಮಿಷ ಬನ್ನಿ, ಈ ನೀರಿನ ಟ್ಯಾಂಕ್ ನೋಡಿ."

ಮೇಸ್ತ್ರಿ ತಾರಸಿಗೆ ಹೊರಟರು. ಹೊರಗೆ ಬಿಸಿಲು ಸುಡುತ್ತಿತ್ತು. ಬಿಸಿಲಿಗೆ ಹೋಗುವಾಗ ಟೋಪಿ ಹಾಕಿಕೊಳ್ಳುವುದು ಅವರಿಗೆ ಹುಡುಗನಾಗಿದ್ದಾಗಿನಿಂದ ಬಂದ ಅಭ್ಯಾಸ. ಕೈ ತಾನಾಗಿ ಲಿವರ್ ಕಡೆ ಹೋಯಿತು, ಟೋಪಿ ತಲೆಗೇರಿತು. ಅದರಲ್ಲಿ ಮನಸ್ಸಿನ ಪಾಲು ಏನೂ ಇರಲಿಲ್ಲ.

ಟ್ಯಾಂಕಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ಒಳ್ಳೆಯ ಕೊಳಾಯಿಯವನು ಗೊತ್ತಿದ್ದರೆ ಹೇಳಿ ಎಂದರು ಸೆಕ್ರೆಟರಿ. ಮೇಸ್ತ್ರಿಗೆ ಗೊತ್ತಿತ್ತು: ಎಡಗೈಯವನು, ಮಾತು ಕಡಿಮೆ, ಅಂಗಡಿ ಹಳೆಯ ಚಿತ್ರಮಂದಿರದ ಹಿಂದೆ. ಹೆಸರು ಬರಲಿಲ್ಲ. "ಬಂತು, ಬಂತು, ಇರಿ," ಎಂದು ಹಣೆ ಉಜ್ಜಿಕೊಂಡರು. ಬರಲಿಲ್ಲ. ಸೆಕ್ರೆಟರಿ ಮರ್ಯಾದೆಗೆ ಸ್ವಲ್ಪ ಹೊತ್ತು ಕಾದು, "ಆಮೇಲೆ ಹೇಳಿ ಬಿಡಿ," ಎಂದು ಮೆಟ್ಟಿಲಿಳಿದರು.

ಮೇಸ್ತ್ರಿ ಆ ಹೆಸರನ್ನು ಬೆನ್ನಟ್ಟುತ್ತಲೇ ಮೆಷಿನ್ ರೂಮಿಗೆ ಮರಳಿದರು. ತಲೆ ತುರಿಸಲು ಕೈಯೆತ್ತಿದಾಗ ಬೆರಳಿಗೆ ಟೋಪಿ ತಾಕಿತು. ಟೋಪಿ ತಲೆಯ ಮೇಲಿದೆ. ಹಾಗಾದರೆ ಅವನು ಹೊರಗೆ ಬಂದಿದ್ದಾನೆ. ನೆನಪು ಕೂಡಲೇ ಸಾಕ್ಷಿ ಹೇಳಿತು. ಹಳಿಯ ಮೇಲೆ ಬಿರುಸಾದ ಆ ಎರಡು ಏಟು, ಆಮೇಲೆ ತಾವು ಕೊಟ್ಟ ಉತ್ತರ. ಕೇಳಿದ್ದಂತೂ ನಿಜ. ಆದರೆ ಅದು ಬೆಳಿಗ್ಗೆ, ಇನ್ನೊಂದು ಬೀದಿಯ ಇನ್ನೊಂದು ಕಟ್ಟಡದಲ್ಲಿ ಕೇಳಿದ್ದು. ನೆನಪಿಗೆ ಏಟು ಗೊತ್ತಿತ್ತು, ಹೊತ್ತು ಗೊತ್ತಿರಲಿಲ್ಲ.

ಬೀಗ ಹಾಕಿಯೇ ಇತ್ತು. ಕೈ ಸೊಂಟದ ಗೊಂಚಲನ್ನು ಎಳೆದು, ಬೇಕಾದ ಕೀಲಿಯನ್ನು ತಡವಿ ಆರಿಸಿ, ಬೀಗ ತೆರೆಯಿತು. ಮೇಸ್ತ್ರಿ ಲಿವರ್ ಎತ್ತಿದರು.

ಕಂಟ್ರೋಲ್ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಕೆಳಗೆ ಯಾವುದೋ ಮಹಡಿಯಲ್ಲಿ ಲಿಫ್ಟಿಗಾಗಿ ಕಾದು ನಿಂತಿದ್ದವರು ಯಾರೋ ಬಟನ್ ಒತ್ತಿರಬೇಕು. ಟಕ್ ಎಂದು ಬ್ರೇಕು ಬಿಟ್ಟುಕೊಂಡಿತು, ದೊಡ್ಡ ಗಾಲಿ ತಿರುಗಿತು, ಹಗ್ಗಗಳು ಜರುಗಿದವು. ಕ್ಯಾಬಿನ್ ಕೆಳಗಿಳಿಯುವಾಗ ಅವು ಜರುಗುವ ದಿಕ್ಕಿನಲ್ಲೇ.

ಆಗ ಮೇಸ್ತ್ರಿ ತಮ್ಮ ಎಡಗೈ ನೋಡಿಕೊಂಡರು. ಅಲ್ಲಿ ಗೊಂಚಲಿತ್ತು, ಗೊಂಚಲಿಗೆ ತೆರೆದ ಬೀಗ ನೇತಾಡುತ್ತಿತ್ತು. ಅಳಿಯ ಹೊರಗೆ ಬಂದಿದ್ದರೆ ಅವನ ಜೇಬಿನ ಕೀಲಿ ಇಲ್ಲಿರಬೇಕಿತ್ತು. ಈ ಗೊಂಚಲಿಗೆ ಇಲ್ಲೇನು ಕೆಲಸ?

ಮುಂದಿನ ಕ್ಷಣದಲ್ಲಿ ಏನೇನಾಯಿತೋ, ಅವರು ಮೆಟ್ಟಿಲಿನ ಮೇಲಿದ್ದರು. ಕಂಬಿ ಹಿಡಿದು, ನೋಯುವ ಮಂಡಿಯನ್ನು ಎಳೆದುಕೊಂಡು, ಒಂದೊಂದು ತಿರುವಿನಲ್ಲೂ ಗೋಡೆಗೆ ಭುಜ ಕೊಡುತ್ತಾ ಇಳಿದರು. ಕಿವಿ ಲಿಫ್ಟಿನ ಗೋಡೆಯ ಕಡೆಗೇ ಇತ್ತು. ಸದ್ದಿರಲಿಲ್ಲ. ಕೆಲಸ ನಡೆಯುತ್ತಿರುವ ಸದ್ದೂ ಇಲ್ಲ, ಕಿರುಚಿದ ಸದ್ದೂ ಇಲ್ಲ.

ನಾಲ್ಕನೆಯ ಮಹಡಿಯಲ್ಲಿ ಅವರ ಕಾಲು ತಾನಾಗಿ ನಿಂತಿತು.

ಲಿವರ್ ಕೆಳಗೆಳೆದೆನೆ?

ಎಳೆದಿರಲೇಬೇಕು. ಎಳೆಯದೆ ಹೊರಡುತ್ತಾರೆಯೇ ಯಾರಾದರೂ? ಆದರೆ ಎಳೆದ ನೆನಪಿಲ್ಲ. ಕಣ್ಣು ಮುಚ್ಚಿ ಹುಡುಕಿದರು. ಹಸಿರು ದೀಪ ಇತ್ತು, ಜರುಗುವ ಹಗ್ಗ ಇತ್ತು, ಗೊಂಚಲು ಇತ್ತು. ಅದಾದ ಮೇಲೆ ಮೆಟ್ಟಿಲು. ನಡುವೆ ಏನೂ ಇಲ್ಲ. ಬೀಗವೋ ತಮ್ಮ ಕೈಯಲ್ಲೇ ಇದೆ. ಲಿವರ್ ಮೇಲಿದ್ದರೆ ಇನ್ನೊಬ್ಬರು ಬಟನ್ ಒತ್ತಿದರೂ ಸಾಕು. ಮತ್ತೆ ಮೇಲೆ ಹತ್ತಬೇಕೆಂದರೆ ಈ ಮಂಡಿಯಲ್ಲಿ ಎಷ್ಟು ಹೊತ್ತು? ಕೆಳಗೆ ಓಡಿದರೆ ಅಷ್ಟರಲ್ಲಿ ಯಾರಾದರೂ ಒತ್ತಿಬಿಟ್ಟರೆ? ಅವರು ಒಂದು ಕಾಲು ಮೇಲಿನ ಮೆಟ್ಟಿಲಿಗೆ ಇಟ್ಟರು, ತೆಗೆದರು.

ಉತ್ತರ ಕೊಟ್ಟದ್ದು ಕೈ. ಗೊಂಚಲಿನಿಂದ ಮೂರು ಮೂಲೆಯ ಚಾವಿಯನ್ನು ಅದು ಆಗಲೇ ಹೆಕ್ಕಿತ್ತು. ಯಾವ ಮಹಡಿಯ ಬಾಗಿಲು ತೆರೆದರೂ ಲಿಫ್ಟು ಇದ್ದಲ್ಲೇ ಸಾಯುತ್ತದೆ. ಇದನ್ನು ಅವರು ಆ ಗಳಿಗೆಯಲ್ಲಿ ಯೋಚಿಸಿ ಕಂಡುಕೊಂಡದ್ದಲ್ಲ; ಬೆರಳುಗಳಲ್ಲಿ ಮೊದಲಿಂದ ಇದ್ದದ್ದು. ಬಾಗಿಲ ಮೇಲಿನ ತೂತಿಗೆ ಚಾವಿ ತೂರಿಸಿ ತಿರುವಿ, ಬಾಗಿಲನ್ನು ಪಕ್ಕಕ್ಕೆ ತಳ್ಳಿ, ಅದು ಮತ್ತೆ ಮುಚ್ಚಿಕೊಳ್ಳದಂತೆ ಸಂದಿಗೆ ಬೂಟುಗಾಲು ಒಡ್ಡಿ ನಿಂತರು. ಎದುರಿಗೆ ಕತ್ತಲ ಬಾವಿ. ಕೆಳಗೆ ಕ್ಯಾಬಿನ್ನಿನ ನೆತ್ತಿ ಕಂಡಿತು. ಇರಬೇಕಾದ ಜಾಗಕ್ಕಿಂತ ತಗ್ಗಿನಲ್ಲಿತ್ತು. ಎಷ್ಟು ತಗ್ಗು ಎಂದು ಕತ್ತಲಲ್ಲಿ ತಿಳಿಯಲಿಲ್ಲ.

ಕೂಗಿದರು. ಮಾತು ಗೋಡೆಗಳಿಗೆ ಬಡಿದು ಚೂರಾಯಿತು. ಬೀಗದಿಂದಲೇ ಹಳಿಗೆ ಬಲವಾಗಿ ಒಂದು ಏಟು ಹಾಕಿ ಕಿವಿಗೊಟ್ಟರು.

ಏನೂ ಇಲ್ಲ.

ಇನ್ನೊಂದು ಹಾಕಿದರು. ಮಗಳ ಮುಖ ಕಣ್ಣೆದುರು ಬಂತು. ಅವಳಿಗೆ ಏನು ಹೇಳುವುದು ಎಂಬಲ್ಲಿಗೆ ಯೋಚನೆ ಬಂದು ತಲುಪಿತ್ತು. ಅಷ್ಟರಲ್ಲಿ ತಳದಿಂದ ಏಟು ಬಿತ್ತು. ನಿಧಾನವಾಗಿ ಒಂದು. ಆಮೇಲೆ ಇನ್ನೊಂದು. ಮೂರನೆಯದು ಬರುವ ತನಕ ಮೇಸ್ತ್ರಿ ಉಸಿರು ಬಿಡಲಿಲ್ಲ. ಒಳಗಿದ್ದೇನೆ, ಮುಟ್ಟಬೇಡಿ.

"ಹೊರಗೆ ಬಾ," ಎಂದು ಕೂಗಿದರು. "ಹೊರಗೆ ಬಾರೋ, ಬಿಟ್ಟು ಬಾ."

ಬಿರುಸಾಗಿ ಎರಡು ಏಟು ಕೇಳಿದಾಗ ಅವರು ಚೌಕಟ್ಟಿಗೆ ಹಣೆಯಿಟ್ಟು, "ಈಗ ಕೇಳಿದ್ದು, ಈಗ ಕೇಳಿದ್ದು," ಎಂದು ತಮಗೆ ತಾವೇ ಹೇಳಿಕೊಂಡರು.

ಅಳಿಯ ಮೆಟ್ಟಿಲು ಹತ್ತಿ ಬಂದ. ಮೊಣಕೈ ತರಚಿತ್ತು, ಅಂಗಿ ತುಂಬಾ ಗ್ರೀಸು. ಗದ್ದಲ ಕೇಳಿ ಸೆಕ್ರೆಟರಿಯೂ ಹಿಂದೆಯೇ ಬಂದಿದ್ದರು. ಅಳಿಯ ಮಾವನ ಕಡೆ ನೋಡಲೇ ಇಲ್ಲ. ನೇರ ಸೆಕ್ರೆಟರಿಯ ಎದೆಗೆ ಎದೆ ಕೊಟ್ಟು ನಿಂತ.

"ನೀವು ತಾನೆ ಈಗ ಮೇಲೆ ಹೋಗಿದ್ದು? ಕೆಳಗೆ ಆಡ್ತಿರೋ ಮಕ್ಕಳು ಹೇಳಿದ್ರು. ಸ್ವಿಚ್ಚಿಗೆ ಯಾಕ್ರೀ ಕೈ ಹಾಕಿದ್ರಿ? ಕ್ಯಾಬಿನ್ ನನ್ನ ನೆತ್ತಿ ಮೇಲೆ ಇಳೀತಾ ಇತ್ತು. ಮೂಲೇಲಿ ಮುದುಡಿಕೊಂಡೆ."

"ಅಯ್ಯೋ, ನಾನು ಆ ರೂಮಿನ ಒಳಗೇ ಹೋಗಿಲ್ಲ ಕಣಪ್ಪಾ. ಬಾಗಿಲಲ್ಲೇ ನಿಂತು ಮಾತಾಡಿಸಿದ್ದು."

"ಮತ್ತೆ ಬೀಗ ಗಾಳಿ ಬಂದು ತೆಗೀತಾ? ಕೀಲಿ ನನ್ನ ಜೇಬಲ್ಲಿದೆ. ಒಡೆದ್ರಾ ಏನು?"

ಸೆಕ್ರೆಟರಿ ಬೆವರು ಒರೆಸಿಕೊಂಡು ಮೇಸ್ತ್ರಿಯ ಕಡೆ ತಿರುಗಿದರು. "ನೀವೇ ಹೇಳಿ ಮೇಸ್ತ್ರಿ. ನಾನು ಮುಟ್ಟಿದ್ನಾ?"

ಮೇಸ್ತ್ರಿ ಸುಮ್ಮನಿದ್ದರೂ ಸಾಕಿತ್ತು. ಬಾಯಿ ಬಿಡುವುದೇ ಬೇಡ, ತಲೆ ತಗ್ಗಿಸಿದ್ದರೂ ಅಳಿಯ ತನಗೆ ಬೇಕಾದ ಅರ್ಥ ಮಾಡಿಕೊಳ್ಳುತ್ತಿದ್ದ. ಸೆಕ್ರೆಟರಿಯ ಮಾತಿಗಿಂತ ಮಾವನ ಮೌನಕ್ಕೆ ಅವನಲ್ಲಿ ಬೆಲೆ ಹೆಚ್ಚು. ನಾಳೆ ಬೆಳಿಗ್ಗೆ ಮತ್ತೆ ಫೋನು ಬರುತ್ತಿತ್ತು, ಮತ್ತೆ ಯಾವುದೋ ಗುಂಡಿಗೆ ಅವನು ಇಳಿಯುತ್ತಿದ್ದ, ಮತ್ತೆ ಇವರು ಮೇಲೆ ನಿಲ್ಲುತ್ತಿದ್ದರು.

"ಅವರಲ್ಲ, ನಾನು," ಎಂದರು ಮೇಸ್ತ್ರಿ. ಮುಷ್ಟಿ ಬಿಚ್ಚಿ ಬೀಗವನ್ನೂ ಗೊಂಚಲನ್ನೂ ತೋರಿಸಿದರು. "ಇನ್ನೊಂದು ಕೀಲಿ ಮಾಡಿಸಿಟ್ಕೊಂಡಿದ್ದೆ. ನೀನು ಹೊರಗೆ ಬಂದಿದ್ದೀಯ ಅಂದ್ಕೊಂಡೆ."

"ನಾನು ಬಡಿದೇ ಇಲ್ವಲ್ಲ ಮಾವ."

"ಬೆಳಿಗ್ಗೆ ಬಡಿದಿದ್ದೆ."

ಅಳಿಯನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಮೆಟ್ಟಿಲಿನ ಮೇಲೆ ಕುಳಿತುಬಿಟ್ಟ. ಸೆಕ್ರೆಟರಿ ಇಬ್ಬರನ್ನೂ ನೋಡಿ ಕೆಳಗಿಳಿದರು.

"ಈಗ ಸ್ವಿಚ್ ಆಫ್ ಆಗಿದೆ ತಾನೆ?" ಎಂದ ಅಳಿಯ.

"ಗೊತ್ತಿಲ್ಲ. ಅದಕ್ಕೇ ಈ ಬಾಗಿಲು ತೆಗೆದಿಟ್ಕೊಂಡು ನಿಂತಿದ್ದೀನಿ."

ಅಳಿಯ ಬಾಗಿಲ ಸಂದಿಗೆ ಒಂದು ಮರದ ತುಂಡು ಸಿಗಿಸಿ, ಎದುರು ಮನೆಯವರಿಂದ ಬೆಂಚು ಕೇಳಿ ತಂದು ಅಡ್ಡ ಇಟ್ಟ. ಇಬ್ಬರೂ ಮೇಲೆ ಹತ್ತಿದರು. ಮಾವನ ಮಂಡಿಗಾಗಿ ಅವನು ಎಲ್ಲೂ ನಿಲ್ಲಲಿಲ್ಲ, ಆದರೆ ವೇಗವಾಗಿಯೂ ಹತ್ತಲಿಲ್ಲ.

ಲಿವರ್ ಕೆಳಗಿತ್ತು. ಅದರ ಮೇಲೆ ಟೋಪಿ ನೇತಾಡುತ್ತಿತ್ತು. ಮೇಸ್ತ್ರಿ ತಲೆ ಮುಟ್ಟಿ ನೋಡಿಕೊಂಡರು. ಬರಿದಾಗಿತ್ತು.

"ಇದೇನು ಟೋಪಿ ಇಲ್ಲಿ?"

ಮೇಸ್ತ್ರಿ ಹೇಳಿದರು. ಟೋಪಿಯ ಉಪಾಯ, ಡಾಕ್ಟರಮ್ಮನ ಪದಗಳು, ಊಟದ ದಿನದ ಬೀರು, ಎಲ್ಲ. ಅಳಿಯ ಗೋಡೆಗೊರಗಿ ಕೇಳಿದ.

"ನಾಲ್ಕು ತಿಂಗಳಿಂದ ನನ್ನ ಜೀವ ಒಂದು ಟೋಪಿ ಮೇಲೆ ನಿಂತಿತ್ತು ಅನ್ನಿ."

ಅಳಿಯ ಲಿವರ್ ಕಡೆ ಬೆರಳು ತೋರಿಸಿದ.

"ಈಗ ಇದನ್ನ ಕೆಳಗೆ ಎಳೆದು ಟೋಪಿ ಹಾಕಿದ್ದು ನೀವೇ. ಅದಾದ್ರೂ ನೆನಪಿದೆಯಾ?"

"ಇಲ್ಲ."

ಇಷ್ಟು ತಿಂಗಳಲ್ಲಿ ಆ ಪ್ರಶ್ನೆಗೆ ಅವರು ಕೊಟ್ಟ ಮೊದಲ ನೇರ ಉತ್ತರ ಅದು. ಅಳಿಯ ಕೈ ಚಾಚಿದ. ಮೇಸ್ತ್ರಿ ಗೊಂಚಲು ಬಿಡಿಸಿ, ಮನೆಯ ಕೀಲಿಯನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಕೊಟ್ಟರು. ಅಳಿಯ ಬೀಗ ಜಡಿದ. ಟೋಪಿಯನ್ನು ತೆಗೆದು ಒಂದು ಗಳಿಗೆ ಕೈಯಲ್ಲಿ ಹಿಡಿದಿದ್ದು, ಮಾವನ ತಲೆಗೆ ಹಾಕದೆ ತನ್ನ ಜೇಬಿಗೆ ತುರುಕಿಕೊಂಡ.

"ಅತ್ತೆಗೆ ಗೊತ್ತಾ?"

"ವಯಸ್ಸಿಂದು ಅಂತ ಹೇಳಿದ್ದೀನಿ. ಡಾಕ್ಟರಿಗೆ ರಿಟೈರ್ ಆಗಿದ್ದೀನಿ ಅಂತ ಹೇಳಿದ್ದೀನಿ."

ಅಳಿಯನಿಗೆ ನಗು ಬಂತು, ಬೇಡವಾದ ಹೊತ್ತಿನಲ್ಲಿ. "ಸರಿ. ಡಾಕ್ಟರಿಗೆ ಹೇಳಿದ್ದಾದ್ರೂ ಇವತ್ತಿಂದ ನಿಜ ಆಯ್ತು. ಮುಂದಿನ ಸಲ ಅವರ ಹತ್ರ ನಾನೂ ಬರ್ತೀನಿ. ದಿನಾ ನೋಡೋನು ನಾನೇ ತಾನೆ."

ಕೆಲಸ ಅರ್ಧಕ್ಕೆ ನಿಂತಿತ್ತು. ಮೇಲಿನ ಮಹಡಿಯವರು ಕಾಯುತ್ತಿದ್ದರು. ನಾಲ್ಕನೆಯ ಮಹಡಿಯ ಬಾಗಿಲು ಮುಚ್ಚಿ, ಬೆಂಚು ಮರಳಿಸಿ, ಇಬ್ಬರೂ ನೆಲಮಹಡಿಗೆ ಇಳಿದರು. ಈ ಸಲ ಅಳಿಯ ಬಾಗಿಲು ಎಳೆದುಕೊಳ್ಳಲಿಲ್ಲ. ಪೂರ್ತಿ ತೆರೆದು, ಅದರ ಮುಂದೆ ಕುರ್ಚಿ ಹಾಕಿ, ಮಾವನ ಕೈಗೆ ಟಾರ್ಚು ಕೊಟ್ಟ.

"ಮಕ್ಕಳು ಈ ಕಡೆ ಬರದ ಹಾಗೆ ನೋಡ್ಕೊಳ್ಳಿ. ಬೆಳಕು ನನ್ನ ಕೈ ಮೇಲೆ ಬೀಳಲಿ, ಮುಖದ ಮೇಲಲ್ಲ."

"ಟಾರ್ಚ್ ಹಿಡಿಯೋದು ನಿನಗೆ ಕಲಿಸಿದ್ದು ನಾನು ಕಣೋ."

"ಅದು ನೆನಪಿದೆ ನೋಡಿ."

ಮೇಸ್ತ್ರಿ ಕುಳಿತರು. ಎಷ್ಟೋ ವರ್ಷಗಳ ನಂತರ ಅವರು ಗುಂಡಿಯನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದರು. ತಳದ ಕಪ್ಪು ನೀರು, ಒಂದು ಮೂಲೆಯಲ್ಲಿ ಅಳಿಯ ಮುದುಡಿಕೊಂಡಿದ್ದ ಜಾಗದಲ್ಲಿ ಒರೆಸಿದಂತಾದ ಧೂಳು. ಆ ಮೂಲೆಯಿಂದ ಕಣ್ಣು ಕೀಳಲಾಗಲಿಲ್ಲ. ಬೆಳಕು ಅಲ್ಲಾಡಿದಾಗ ಅಳಿಯ ತಲೆಯೆತ್ತದೆ, "ಮಾವ, ಕೈ ಮೇಲೆ," ಎಂದ. ಅವರು ಸರಿಪಡಿಸಿದರು. ಎಡಗೈಯ ಕೊಳಾಯಿಯವನ ಹೆಸರು ಆಗ ಬಂತು, ಯಾರೂ ಕರೆಯದೆ. ಅವರು ಅದನ್ನು ಹೇಳಲಿಲ್ಲ.

ಹೊಸ ಸ್ವಿಚ್ ಕೂತಿತು. ಅಳಿಯ ಎರಡು ಸಲ ಒತ್ತಿ ನೋಡಿ, ಹತಾರಗಳನ್ನು ಚೀಲಕ್ಕೆ ತುಂಬಿ, ಮಾವನ ಭುಜ ಹಿಡಿದು ಮೇಲೆ ಬಂದ. ಬಂದವನು ಅಭ್ಯಾಸಬಲದಿಂದ ಒಳಗೆ ಬಾಗಿ, ಹಳಿಗೆ ಸ್ಪ್ಯಾನರಿನಿಂದ ಬಿರುಸಾಗಿ ಎರಡು ಏಟು ಹಾಕಿದ. ಸದ್ದು ಉಕ್ಕನ್ನು ಹಿಡಿದುಕೊಂಡು ಎಂಟೂ ಮಹಡಿ ಹತ್ತಿ, ಈಗ ಯಾರೂ ಇಲ್ಲದ ಮೆಷಿನ್ ರೂಮಿನ ತನಕ ಹೋಯಿತು. ಇಬ್ಬರೂ ಒಂದು ಗಳಿಗೆ ತಲೆಯೆತ್ತಿ ನಿಂತರು. ಮೇಲಿನಿಂದ ಉತ್ತರ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.